ಬೀಳೋಕೂ ಒಂದಿಷ್ಟು ಜಾಗ ಬೇಕು ಸ್ವಾಮಿ

ಐವತ್ತು ದಾಟಿದ ಗಂಡಸಿಗೆ ಮುಂಬಯಿಯಲ್ಲಿ ಒಪ್ಪಿಗೆಯಾಗಿರುವ ಚಟುವಟಿಕೆಗಳ ಪಟ್ಟಿ ಒಂದಿದೆ. ಬೆಳಗಿನ ವಾಕಿಂಗು, ಪ್ರಾಣಾಯಾಮ, ಮೂರು ತಿಂಗಳಿಗೊಮ್ಮೆ ಶುಗರ್ ಟೆಸ್ಟು, ಶನಿವಾರ ದೇವಸ್ಥಾನ. ಬ್ಯಾಂಕಿನವನಾದರೆ ಜತೆಗೆ ಕನ್ನಡ ಸಂಘದ ಖಜಾಂಚಿಗಿರಿ. ಈ ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಹೆಂಡತಿಯ ಹತ್ತಿರ ಬಂದು 'ಎಲ್ಲಾ ಸರಿ ಇದೆ ತಾನೇ?' ಅಂತ ಮೆಲ್ಲಗೆ ವಿಚಾರಿಸುತ್ತಾರೆ. ನನ್ನ ವಿಚಾರದಲ್ಲಿ ಎರಡೂ ಆಗಿದೆ. ಕಾರಣ ಇಷ್ಟೇ: ಕಳೆದ ಡಿಸೆಂಬರಿನಿಂದ ನಾನು ಕ್ಯಾಸ್ಟರ್ ಬೋರ್ಡ್ ಓಡಿಸಲು ಕಲಿಯುತ್ತಿದ್ದೇನೆ.

ಹಾಗಂದ್ರೆ ಏನು ಅಂತ ಕೇಳ್ತೀರಿ, ಗೊತ್ತು. ಸ್ಕೇಟ್‌ಬೋರ್ಡ್ ಸಿನಿಮಾದಲ್ಲಾದರೂ ನೋಡಿರುತ್ತೀರಿ. ಅದು ನಾಲ್ಕು ಚಕ್ರದ ಹಲಗೆ, ನಿಲ್ಲಿಸಿದಲ್ಲಿ ಸುಮ್ಮನೆ ನಿಲ್ಲುತ್ತದೆ. ಕ್ಯಾಸ್ಟರ್ ಬೋರ್ಡಿಗೆ ಎರಡೇ ಚಕ್ರ, ಒಂದರ ಹಿಂದೆ ಒಂದು. ಹಲಗೆಯೂ ಒಂದಲ್ಲ, ಎರಡು: ಮುಂದಿನ ಪಾದಕ್ಕೊಂದು, ಹಿಂದಿನ ಪಾದಕ್ಕೊಂದು. ನಡುವೆ ಒಂದು ಸರಳು. ತಿರುಚಿದರೆ ತಿರುಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ನೇರ ಆಗುತ್ತದೆ. ಚಕ್ರಗಳು ನಿಮ್ಮ ಆಫೀಸ್ ಕುರ್ಚಿಯ ಕೆಳಗಿರುವ ಚಕ್ರಗಳ ಜಾತಿ, ಎಲ್ಲ ದಿಕ್ಕಿಗೂ ಗಿರ್ರನೆ ತಿರುಗುವಂಥವು. ಆ ಥರದ ಚಕ್ರಕ್ಕೇ ಕ್ಯಾಸ್ಟರ್ ಅಂತ ಹೆಸರು. ವೇವ್‌ಬೋರ್ಡ್ ಅಂತಲೂ ಕರೀತಾರೆ. ರೇಜರ್ ಅನ್ನುವ ಅಮೆರಿಕದ ಕಂಪನಿಯ ರಿಪ್‌ಸ್ಟಿಕ್ ಎಂಬ ಮಾಡೆಲ್ಲು 2000ರ ದಶಕದ ಕೊನೆಯ ಹೊತ್ತಿಗೆ ಎಷ್ಟು ಪ್ರಸಿದ್ಧವಾಯಿತೆಂದರೆ, ಯಾವ ಕಂಪನಿಯದ್ದಾದರೂ ಹಲವರ ಬಾಯಲ್ಲಿ ಅದು ರಿಪ್‌ಸ್ಟಿಕ್ಕೇ. ನಾವು ಎಲ್ಲ ವನಸ್ಪತಿಗೂ ಡಾಲ್ಡಾ ಅಂದ ಹಾಗೆ.

ಇದರ ಗುಟ್ಟು ಇರುವುದು ಚಕ್ರ ಕೂರಿಸಿರುವ ರೀತಿಯಲ್ಲಿ. ಕುರ್ಚಿಯ ಚಕ್ರದ ಕೀಲು ನೆಟ್ಟಗೆ ನಿಂತಿರುತ್ತದೆ. ಬೋರ್ಡಿನ ಕೀಲನ್ನು ಓರೆಯಾಗಿ ಕೂರಿಸಿದ್ದಾರೆ. ಹಾಗಾಗಿ ಹಲಗೆಯನ್ನು ಯಾವ ಕಡೆ ವಾಲಿಸುತ್ತೀರೋ ಚಕ್ರ ಆ ಕಡೆಗೆ ತಿರುಗುತ್ತದೆ. ಹಲಗೆ ಸಮ ಆದರೆ ಚಕ್ರವೂ ತಾನಾಗಿ ನೇರವಾಗುತ್ತದೆ. ಚಕ್ರ ಮುಂದಕ್ಕೆ ಉರುಳುತ್ತದೆ, ಅಡ್ಡಕ್ಕೆ ಜಾರುವುದಿಲ್ಲ. ನೀವು ಹಿಂಗಾಲಿನಿಂದ ಬಾಲದ ಹಲಗೆಯನ್ನು ಆಚೆ ಈಚೆ ತಿರುಚಿದಾಗ ಚಕ್ರ ಓರೆ ನಿಂತು ನೆಲವನ್ನು ಪಕ್ಕಕ್ಕೆ ಒತ್ತುತ್ತದೆ. ಪಕ್ಕಕ್ಕೆ ಹೋಗಲು ದಾರಿಯಿಲ್ಲದ್ದರಿಂದ ಆ ಒತ್ತಡದ ಒಂದು ಭಾಗ ಬೋರ್ಡನ್ನು ಮುಂದಕ್ಕೆ ತಳ್ಳುತ್ತದೆ. ಮೀನು ಬಾಲ ಅಲ್ಲಾಡಿಸಿ ಮುಂದೆ ಹೋಗುತ್ತದಲ್ಲ, ಅದೇ ಲೆಕ್ಕ. ಒಮ್ಮೆ ಹೊರಟ ಮೇಲೆ ಕಾಲು ನೆಲಕ್ಕೆ ಊರುವ ಅಗತ್ಯವೇ ಇಲ್ಲ. ನೋಡುವವರಿಗೆ ಮನುಷ್ಯ ಸೊಂಟ ತಿರುಗಿಸುತ್ತಾ ಸುಮ್ಮನೆ ತೇಲಿಕೊಂಡು ಹೋದಂತೆ ಕಾಣುತ್ತದೆ. ಬ್ರೇಕು ಅನ್ನುವುದು ಮಾತ್ರ ಇಲ್ಲ. ನಿಲ್ಲಿಸಬೇಕಾದರೆ ಇಳಿಯಬೇಕು.

ಮೂವತ್ತು ವರ್ಷ ದಿನದ ಕೊನೆಗೆ ಬ್ಯಾಲೆನ್ಸ್ ಟ್ಯಾಲಿ ಮಾಡಿ ಮನೆಗೆ ಹೋದವನು ನಾನು. ಈ ಬ್ಯಾಲೆನ್ಸು ಬೇರೆ ಖಾತೆಯದ್ದು ಅಂತ ಮೊದಲ ದಿನವೇ ಗೊತ್ತಾಯಿತು.

ನನಗೆ ಕಲಿಸುತ್ತಿರುವುದು ನಮ್ಮ ಕಟ್ಟಡದ ಹನ್ನೊಂದು ವರ್ಷದ ಹುಡುಗ. ಅವನ ಮೊದಲ ಪಾಠ ಯಾವ ಕಾಲು ಮುಂದೆ ಅಂತ ಕಂಡುಹಿಡಿಯುವುದು. 'ಕಾಕಾ, ಸುಮ್ಮನೆ ನಿಂತ್ಕೊಳ್ಳಿ' ಅಂತ ಮರಾಠಿಯಲ್ಲಿ ಹೇಳಿ, ಹಿಂದಿನಿಂದ ಬೆನ್ನಿಗೆ ಒಂದು ಸಣ್ಣ ತಳ್ಳು ಕೊಟ್ಟ. ತಡವರಿಸಿ ಯಾವ ಕಾಲು ಮುಂದೆ ಇಟ್ಟೆನೋ ಅದೇ ಮುಂಗಾಲು. ನನ್ನದು ಎಡಗಾಲು ಬಂತು. ವೈಜ್ಞಾನಿಕ ಹೌದೋ ಅಲ್ಲವೋ, ಸ್ಕೇಟಿಂಗ್ ಕಲಿಸುವವರೆಲ್ಲ ಮಾಡುವುದು ಇದನ್ನೇ ಅಂತೆ. ಎರಡನೆಯ ಪಾಠ, 'ಖಾಲೀ ಬಘೂ ನಕಾ, ಸಮೋರ್ ಬಘಾ'. ಕೆಳಗೆ ನೋಡಬೇಡಿ, ಮುಂದೆ ನೋಡಿ. ಈ ಎರಡನೆಯ ಪಾಠ ಇವತ್ತಿಗೂ ನಡೆಯುತ್ತಲೇ ಇದೆ. ಪಾದ ನೋಡಿದರೆ ತಲೆ ಬಗ್ಗುತ್ತದೆ, ತಲೆ ಬಗ್ಗಿದರೆ ಮೈಭಾರ ಮುಂದಕ್ಕೆ ವಾಲುತ್ತದೆ, ಮೈಭಾರ ವಾಲಿದರೆ ಹಲಗೆ ವಾಲುತ್ತದೆ. ಆಮೇಲೆ ನೋಡಲು ನೆಲ ಬಹಳ ಹತ್ತಿರ ಇರುತ್ತದೆ.

ನಿಜವಾದ ತೊಂದರೆ ಎಲ್ಲಿ ಅಂದರೆ, ಇದನ್ನು ನಿಧಾನವಾಗಿ ಕಲಿಯಲು ಬರುವುದಿಲ್ಲ. ನಮ್ಮ ವಯಸ್ಸಿನವರಿಗೆ ಯಾವುದೇ ಹೊಸದು ಬಂದರೂ ಮೊದಲು ನಿಧಾನವಾಗಿ ಮಾಡಿ ನೋಡೋಣ ಅನ್ನುವ ಅಭ್ಯಾಸ. ಕಾರು ಕಲಿಯುವಾಗ ಫಸ್ಟ್ ಗೇರಿನಲ್ಲಿ ಮೈದಾನ ಸುತ್ತುತ್ತೇವೆ. ಇಲ್ಲಿ ಫಸ್ಟ್ ಗೇರೇ ಇಲ್ಲ. ಎರಡು ಚಕ್ರದ ಮೇಲಿನ ಹಲಗೆ ನಿಂತಾಗ ಪಕ್ಕಕ್ಕೆ ಮಗುಚುತ್ತದೆ, ಬಹಳ ನಿಧಾನ ಹೋದರೂ ಮಗುಚುತ್ತದೆ, ಒಂದಿಷ್ಟು ವೇಗ ಬಂದ ಮೇಲೆಯೇ ನಿಮ್ಮ ಮಾತು ಕೇಳುತ್ತದೆ. ಮುಂಗಾಲು ಇಟ್ಟು, ಹಿಂಗಾಲಿನಿಂದ ನೆಲವನ್ನು ಜೋರಾಗಿ ಒಂದು ಸಲ ತಳ್ಳಿ, ಆ ಹಿಂಗಾಲನ್ನು ಹಿಂದಿನ ಹಲಗೆಯ ಮೇಲಿಟ್ಟು, ತಕ್ಷಣ ತಿರುಚಲು ಶುರು ಮಾಡಬೇಕು. ಇಷ್ಟೂ ಆಗಬೇಕಾದದ್ದು ಒಂದೂವರೆ ಸೆಕೆಂಡಿನಲ್ಲಿ. 'ಇಡಲಾ ಬೇಡವಾ' ಅಂತ ಹಿಂಗಾಲು ಗಾಳಿಯಲ್ಲಿ ಮೀಟಿಂಗ್ ಮಾಡಿತೋ, ಮುಗೀತು.

ಮೊದಲ ಎರಡು ಶನಿವಾರ ಗೋಡೆ ಹಿಡಿದುಕೊಂಡೇ ಕಳೆದೆ. (2015ರ ಸೆಪ್ಟೆಂಬರಿನಲ್ಲಿ ನಮಗೆ ಸಿಕ್ಕ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆಯ ಸದುಪಯೋಗ ಇದು. ಆ ದಿನ ಹತ್ತು ಗಂಟೆ ಹೊತ್ತಿಗೆ ಅರ್ಧ ಕಾರುಗಳು ಹೊರಗೆ ಹೋಗಿರುತ್ತವೆ.) ಮೂರನೆಯ ಶನಿವಾರ ಹುಡುಗನ ಹೆಗಲು ಹಿಡಿದು ಹತ್ತು ಹೆಜ್ಜೆ ದೂರ. ನಾಲ್ಕನೆಯದಕ್ಕೆ ಅವನು ಹೆಗಲು ಕೊಡಲಿಲ್ಲ, 'ತುಮ್ಹೀ ಜಡ್ ಆಹಾತ್ ಕಾಕಾ' ಅಂದ. ನೀವು ಭಾರ ಇದ್ದೀರಿ. ಎಂಬತ್ತೊಂದು ಕಿಲೋ ಅನ್ನುವುದು ಗುಟ್ಟೇನಲ್ಲ. ರಿಪ್‌ಸ್ಟಿಕ್ಕಿನವರು ನೂರು ಕಿಲೋ ತನಕ, ಎಂಟು ವರ್ಷ ಮೇಲ್ಪಟ್ಟವರಿಗೆ ಅಂತ ಹೇಳುತ್ತಾರೆ. ಕೆಳಗಿನ ವಯಸ್ಸು ಬರೆದಿದ್ದಾರೆಯೇ ಹೊರತು ಮೇಲಿನ ವಯಸ್ಸು ಬರೆದಿಲ್ಲ, ನಾನು ಆ ಅಂಶವನ್ನು ಮನೆಯಲ್ಲಿ ಎತ್ತಿ ತೋರಿಸಿದ್ದೇನೆ. ಐದನೆಯ ಶನಿವಾರ ಕಾರು ಇಳಿಯುವ ಸಣ್ಣ ಇಳಿಜಾರಿನ ಮೇಲಿಂದ ಹೊರಟೆ. ಇಳಿಜಾರು ವೇಗ ಕೊಡುತ್ತದೆ, ತಳ್ಳುವ ಕಷ್ಟ ಉಳಿಯುತ್ತದೆ. ಆ ದಿನ ಮೂರು ಕಂಬ ದಾಟಿದೆ. ಸ್ಟಿಲ್ಟಿನ ಕೋಟಾ ಕಲ್ಲಿನ ಮೇಲೆ ಚಕ್ರ 'ಸರ್ರ್' ಅನ್ನುವ ಸದ್ದು ಇದೆಯಲ್ಲ, ಪ್ರಮೋಷನ್ ಆರ್ಡರು ಕೈಗೆ ಬಂದಾಗಲೂ ಅಂಥ ಖುಷಿ ಆಗಿರಲಿಲ್ಲ.

ಊರಿಗೆ ವೀಡಿಯೊ ಕಳಿಸಿದೆ. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಅಮ್ಮ ಇದ್ದಾರೆ, ಎಪ್ಪತ್ತೊಂಬತ್ತು ವರ್ಷ. ಫೋನು ಬಂತು. 'ನಿಂಗೆ ಮಂಡೆ ಸಮ ಇತ್ತಾ ಮಗಾ?' ಅಂದರು ಮೊದಲು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಆ ಹಿಂದಿನ್ ಕಾಲ್ ಎಂತಕ್ ಹಾಂಗ್ ಅಲ್ಲಾಡ್ಸ್ತೆ?' ಅಂತ ಕೇಳಿದರು. ಅಂದರೆ ಎರಡು ಸಲ ನೋಡಿದ್ದಾರೆ ಅಂತ ಅರ್ಥ.

ಈಗ ಗಂಭೀರದ ಮಾತು. ಈ ಆಟದಲ್ಲಿ ಬೀಳುತ್ತೀರಿ. ಬೀಳಬಹುದು ಅಂತಲ್ಲ, ಬೀಳುತ್ತೀರಿ. ಹೆಚ್ಚಿನ ಸಲ ಬೋರ್ಡು ಕಾಲಿನ ಕೆಳಗಿಂದ ಜಾರಿ ಓಡಿಹೋಗುತ್ತದೆ, ನೀವು ನೆಲದ ಮೇಲೆ ಎರಡು ಹೆಜ್ಜೆ ಓಡಿ ನಿಲ್ಲುತ್ತೀರಿ. ಕೆಲವು ಸಲ ನಿಲ್ಲುವುದಿಲ್ಲ. ಆಗ ಕೈ ತಾನಾಗಿ ಮುಂದೆ ಚಾಚುತ್ತದೆ. ಬೇಡ ಅಂದರೂ ಕೇಳುವುದಿಲ್ಲ, ಅದು ಹುಟ್ಟಿನಿಂದ ಬಂದ ಕ್ರಿಯೆ. ಇಡೀ ಮೈಯ ಭಾರ ಅಂಗೈಯ ಮೇಲೆ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಮುರಿಯುತ್ತದೆ. ಈ ಮುರಿತಕ್ಕೆ ವೈದ್ಯರು ಕೋಲಿಸ್ ಫ್ರಾಕ್ಚರ್ ಅನ್ನುತ್ತಾರೆ. 1814ರಲ್ಲಿ ಅದನ್ನು ವಿವರಿಸಿದ ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಅವರ ಹೆಸರು ಅದು. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನ ಇದೆ. ಅದು ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟುಗಳ ಬಗ್ಗೆ, ಬೋರ್ಡಿನ ಬಗ್ಗೆ ಅಲ್ಲ. ಆದರೆ ಬೀಳುವ ರೀತಿ ಹೆಚ್ಚುಕಡಿಮೆ ಒಂದೇ. ಮಣಿಕಟ್ಟಿಗೆ ಕವಚ ಹಾಕದವರಲ್ಲಿ ಅಲ್ಲಿ ಗಾಯದ ಸಾಧ್ಯತೆ ಹಾಕಿದವರಿಗಿಂತ ಸುಮಾರು ಹತ್ತು ಪಟ್ಟು ಅಂತ ಅದರಲ್ಲಿ ಕಂಡುಬಂತು.

ಹತ್ತು ಪಟ್ಟು! ಯಾವ ಇನ್ಶೂರೆನ್ಸ್ ಏಜೆಂಟನೂ ನಿಮಗೆ ಇಂಥ ಸ್ಕೀಮು ತರಲಾರ. ಆದರೂ ನಮ್ಮ ಕಾಂಪೌಂಡಿನಲ್ಲಿ ನೋಡುತ್ತೇನೆ, ಮೂರು ಸಾವಿರ, ನಾಲ್ಕು ಸಾವಿರ ಕೊಟ್ಟು ಬೋರ್ಡು ತೆಗೆದುಕೊಟ್ಟ ತಂದೆತಾಯಿಗಳು ಅದರ ಕಾಲು ಭಾಗ ಕೊಟ್ಟು ಕವಚ ತೆಗೆದುಕೊಡುವುದಿಲ್ಲ. ಕೇಳಿದರೆ 'ಮಕ್ಕಳು ಬಿದ್ದೇ ಕಲೀಬೇಕು ಸಾರ್' ಅಂತಾರೆ. ಬಿದ್ದೇ ಕಲೀಬೇಕು, ನಾನೂ ಒಪ್ಪುತ್ತೇನೆ. ಮುರಿದುಕೊಂಡೇ ಕಲೀಬೇಕು ಅಂತ ಎಲ್ಲಿದೆ? ಮೇಲಾಧಾರ ಇಲ್ಲದೆ ಸಾಲ ಕೊಡಬೇಡಿ ಅಂತ ಮೂವತ್ತು ವರ್ಷ ಹೇಳಿಕೊಂಡು ಬಂದವನ ಸಲಹೆ ಇದು: ಹೆಲ್ಮೆಟ್ಟು, ಮಣಿಕಟ್ಟು, ಮೊಣಕೈ, ಮೊಣಕಾಲಿನ ಕವಚ ಇಷ್ಟು ಮೊದಲು ಕೊಳ್ಳಿ. ದುಡ್ಡು ಉಳಿದರೆ ಬೋರ್ಡು. ನಾನು ಹಾಗೇ ಮಾಡಿದ್ದು. ನನ್ನಾಕೆಯ ಷರತ್ತು ಇನ್ನೂ ಒಂದಿತ್ತು. 'ರೀ, ಮೊದಲು ಮೂಳೆ ಡಾಕ್ಟ್ರಿಗೆ ತೋರಿಸಿ, ಆಮೇಲೆ ಏನು ಬೇಕಾದ್ರೂ ಹತ್ತಿ.' ಡೆಕ್ಸಾ ಅನ್ನುವ ಸ್ಕ್ಯಾನು ಮಾಡಿಸಿದೆ, ಮೂಳೆಯ ಸಾಂದ್ರತೆ ತೋರಿಸುವಂಥದ್ದು. ವರದಿ ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಈ ಬರಹ ಇರುತ್ತಿರಲಿಲ್ಲ. ಐವತ್ತು ದಾಟಿದ ಓದುಗರು ಯಾರಾದರೂ ಇದನ್ನು ಓದಿ ಉಮೇದಿನಿಂದ ಹೊರಡುವುದಾದರೆ ದಯವಿಟ್ಟು ಈ ಮೆಟ್ಟಿಲು ಹಾರಬೇಡಿ. ಮುಟ್ಟು ನಿಂತ ಮೇಲೆ ಮೂಳೆ ತೆಳುವಾಗುವುದು ಹೆಚ್ಚು, ಹೆಣ್ಣುಮಕ್ಕಳು ಖಂಡಿತ ಹಾರಬೇಡಿ.

ಇಷ್ಟೆಲ್ಲ ಯಾಕೆ, ವಾಕಿಂಗ್ ಸಾಲದಾ ಅಂತ ಸಂಘದ ಗೆಳೆಯರು ಕೇಳುತ್ತಾರೆ. ಉತ್ತರ ಎರಡಿದೆ. ಚಿಕ್ಕದನ್ನು ಮೊದಲು ಹೇಳುತ್ತೇನೆ. 2022ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಪತ್ರಿಕೆಯಲ್ಲಿ ಬ್ರೆಜಿಲಿನ ಒಂದು ಅಧ್ಯಯನ ಬಂತು. 51ರಿಂದ 75 ವರ್ಷದ 1702 ಮಂದಿಯನ್ನು ಹತ್ತು ಸೆಕೆಂಡು ಒಂಟಿಕಾಲಿನಲ್ಲಿ ನಿಲ್ಲಿಸಿ ನೋಡಿದರು. ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಒಂಟಿಕಾಲಿನಲ್ಲಿ ನಿಂತರೆ ಆಯುಷ್ಯ ಬೆಳೆಯುತ್ತದೆ ಅಂತ ಅದರ ಅರ್ಥ ಅಲ್ಲ. ಮೈ ಒಳಗೆ ಏನೇನು ಸಡಿಲ ಆಗಿದೆ ಅನ್ನುವುದಕ್ಕೆ ಅದೊಂದು ಸೂಚನೆ. ಆ ಸುದ್ದಿ ಓದಿದ ದಿನ ಬಚ್ಚಲ ಮನೆಯಲ್ಲಿ ನಿಂತು ನೋಡಿದೆ. ಬಲಗಾಲಿನಲ್ಲಿ ಹತ್ತು ಸೆಕೆಂಡು ಆಯಿತು. ಎಡಗಾಲಿನಲ್ಲಿ ಆರಕ್ಕೆ ಗೋಡೆ ಹಿಡಿದೆ. ವಾಕಿಂಗು ನಾನು ಹನ್ನೆರಡು ವರ್ಷದಿಂದ ಮಾಡುತ್ತಿದ್ದೇನೆ. ನಡಿಗೆಯಿಂದ ನಡಿಗೆ ಬರುತ್ತದೆ, ಅಷ್ಟೇ.

ದೊಡ್ಡ ಉತ್ತರ ಅಪ್ಪಯ್ಯನದ್ದು. 2009ರಲ್ಲಿ ಊರಿನಿಂದ ಬಂದು ಮುಲುಂಡಿನ ಈ ಮನೆಯಲ್ಲಿದ್ದಾಗ ಒದ್ದೆ ಟೈಲ್ಸಿನ ಮೇಲೆ ಜಾರಿದರು. ಗದ್ದೆಯ ಬದುವಿನ ಮೇಲೆ ತಲೆಯಲ್ಲಿ ಹುಲ್ಲಿನ ಹೊರೆ ಹೊತ್ತು ನಡೆದ ಮನುಷ್ಯ. ಸೊಂಟದ ಕೀಲು ಮುರಿಯಿತು. ಆಪರೇಷನ್ ಆಯಿತು, ಸರಳು ಹಾಕಿದರು, ಎಲ್ಲ ಸರಿಯಾಗಿಯೇ ಆಯಿತು. ಆದರೆ ಆ ಮೇಲೆ ಅವರಿಗೆ ಬೀಳುವ ಭಯ ಹಿಡಿಯಿತು. ಬಾಗಿಲ ತನಕ ಬಂದು ನಿಂತು ವಾಪಸು ಹೋಗುತ್ತಿದ್ದರು. 'ಬಿದ್ರೆ ಏಂತ ಮಾಡುದು' ಅನ್ನುವ ಒಂದೇ ಮಾತು. ನಡೆಯದೆ ಕಾಲಿನ ಶಕ್ತಿ ಹೋಯಿತು, ಶಕ್ತಿ ಹೋದದ್ದಕ್ಕೆ ಇನ್ನಷ್ಟು ಭಯ. ಹದಿನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದು ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಪಘಾತದ ಸಾವುಗಳಲ್ಲಿ ರಸ್ತೆಯ ನಂತರದ ಸ್ಥಾನ ಇದರದ್ದೇ. ಅದೇ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ, 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕು ಅಂತಿದೆ. ಕ್ಯಾಸ್ಟರ್ ಬೋರ್ಡು ಹತ್ತಿ ಅಂತ ಅವರೇನೂ ಹೇಳಿಲ್ಲ, ನಾನು ಅವರ ಹೆಸರಿನಲ್ಲಿ ಸೇರಿಸುತ್ತಿಲ್ಲ. ಈ ಬೋರ್ಡು ನನ್ನನ್ನು ಎಪ್ಪತ್ತರಲ್ಲಿ ಬೀಳದಂತೆ ಕಾಪಾಡುತ್ತದೆ ಅಂತ ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಆದರೆ ಬಿದ್ದು, ಎದ್ದು, ಧೂಳು ಕೊಡವಿ ಮತ್ತೆ ಹತ್ತುವುದು ಈ ಎಂಟು ತಿಂಗಳಲ್ಲಿ ನನಗೆ ಅಭ್ಯಾಸ ಆಗಿದೆ. ಮೊಣಕಾಲು ಬಗ್ಗಿಸಿಟ್ಟುಕೊಳ್ಳುವುದು, ಬೀಳುವಾಗ ಮೈ ಬಿಗಿ ಮಾಡದೆ ಪಕ್ಕಕ್ಕೆ ಉರುಳುವುದು, ಇವು ಈಗ ಯೋಚಿಸದೆ ಬರುತ್ತವೆ. ಎಡಗಾಲು ಇಪ್ಪತ್ತೆರಡು ಸೆಕೆಂಡಿಗೆ ಬಂದಿದೆ.

ನಡುವೆ ಒಂದು ಮಾತು. ನಮ್ಮ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಲೀನವಾದಾಗ ಐವತ್ತರ ಹೊಸ್ತಿಲಲ್ಲಿ ಹೊಸ ಸಾಫ್ಟ್‌ವೇರು ಕಲಿಯಬೇಕಾಯಿತು, ಇಪ್ಪತ್ತೈದರ ಹುಡುಗಿ ಕಲಿಸಿದಳು. ಈಗ ಹನ್ನೊಂದರ ಹುಡುಗ. ಗುರುಗಳ ವಯಸ್ಸು ಇಳಿಯುತ್ತಾ ಹೋಗುತ್ತಿದೆ. ಪೆನ್ಷನ್ನಿನ ಹಿರಿಯರು ಕೌಂಟರಿಗೆ ಬಂದು ಮೊಬೈಲ್ ಆ್ಯಪು ಕೈಯಲ್ಲಿ ಹಿಡಿದು ತಡಬಡಿಸುವಾಗ ನಮ್ಮ ಹುಡುಗರು ಫೋನು ಕಿತ್ತುಕೊಂಡು ತಾವೇ ಒತ್ತಿ ಕೊಡುತ್ತಾರೆ, ಕೆಲಸ ಬೇಗ ಆಗಲಿ ಅಂತ. ನಾನು ಅವರಿಗೆ ನನ್ನ ಗುರುವಿನ ವಿಧಾನ ಹೇಳಿದ್ದೇನೆ: ಫೋನು ಅವರ ಕೈಯಲ್ಲೇ ಇರಲಿ, ನೀವು ಹೆಗಲು ಮಾತ್ರ ಕೊಡಿ. ಹಿಂದಿನ ಕ್ಯೂ ಸ್ವಲ್ಪ ಗೊಣಗುತ್ತದೆ, ಗೊಣಗಲಿ.

ಇನ್ನು ಜಾಗದ ವಿಷಯ. ನಾನು ಈ ಬರಹ ಶುರು ಮಾಡಿದ್ದೇ ಅದಕ್ಕೆ.

ಹಳ್ಳಿಯಲ್ಲಿ ನಾವು ಸೈಕಲ್ ಕಲಿತದ್ದು ಕೊಯ್ಲಾದ ಗದ್ದೆಯಲ್ಲಿ. ಗಂಟೆಗೆ ಐವತ್ತು ಪೈಸೆಯ ಬಾಡಿಗೆ ಸೈಕಲ್ಲು, ಸೀಟು ಎಟುಕುತ್ತಿರಲಿಲ್ಲ, ಬಾರಿನ ಕೆಳಗೆ ಕಾಲು ತೂರಿಸಿ ಪೆಡಲ್ ತುಳಿಯುವುದು. ಬಿದ್ದರೆ ಕೆಳಗೆ ಮಣ್ಣು, ಭತ್ತದ ಕೂಳೆ. ಮೊಣಕಾಲು ತರಚಿದರೆ ಕಮ್ಯೂನಿಸ್ಟ್ ಸೊಪ್ಪಿನ ರಸ. ಬೀಳಬೇಡಿ ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಮುಂಬಯಿಯ ಮಕ್ಕಳಿಗೆ ಗದ್ದೆ ಎಲ್ಲಿಂದ ತರುವುದು ಅಂತೀರಾ? ಗದ್ದೆ ಬೇಡ. ಈ ಊರಿನ ಕಟ್ಟಡದ ನಿಯಮಗಳಲ್ಲೇ ಅದಕ್ಕೊಂದು ಜಾಗ ಇಟ್ಟಿದ್ದರು. 1991ರ ಮುಂಬಯಿ ನಿಯಮಗಳ ಪ್ರಕಾರ ಸಾವಿರ ಚದರ ಮೀಟರ್ ದಾಟಿದ ಪ್ಲಾಟುಗಳಲ್ಲಿ ಅಳತೆಗೆ ತಕ್ಕಂತೆ ಶೇಕಡ 15ರಿಂದ 25ರಷ್ಟು ಜಾಗವನ್ನು ಆಟ, ವಿಹಾರಕ್ಕೆ ಅಂತ ಬಿಡಬೇಕಿತ್ತು. ಬಿಲ್ಡರುಗಳು ಅದನ್ನು ಪೋಡಿಯಂ ಮೇಲೆ ತೋರಿಸಿ ನೆಲ ಉಳಿಸಿಕೊಳ್ಳಲು ನೋಡಿದಾಗ, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಜಾಗ ನೆಲದ ಮೇಲೆಯೇ ಇರಬೇಕು, ಕಡಿಮೆ ಮಾಡುವಂತಿಲ್ಲ ಅಂದಿತು. ನಿಯಮ ಬರೆದವರಿಗೆ, ಕೋರ್ಟಿನವರಿಗೆ ಮಕ್ಕಳು ನೆಲದ ಮೇಲೆ ಆಡುತ್ತಾರೆ ಅಂತ ಗೊತ್ತಿತ್ತು. ಗೊತ್ತಿಲ್ಲದಿರುವುದು ನಮ್ಮ ಸೊಸೈಟಿಯ ಕಮಿಟಿಗೆ.

ನಮ್ಮದು 1998ರ ಕಟ್ಟಡ. ಆಗ ನಲವತ್ತೆರಡು ಮನೆಗೆ ಹನ್ನೊಂದು ಕಾರು. ಈಗ ಮೂವತ್ತೆಂಟು. ಮೊದಲು ಎದುರಿನ ಅಂಗಳ ಹೋಯಿತು, ಆಮೇಲೆ ಬಾವಿಯ ಪಕ್ಕದ್ದು. ಹಿಂಭಾಗದಲ್ಲಿ ಒಂದು ಪಟ್ಟಿ ಮಾತ್ರ ಉಳಿದಿದೆ, ಮಕ್ಕಳೆಲ್ಲ ಅಲ್ಲೇ. ನಾನೂ ಅಲ್ಲೇ, ಮಳೆ ಬಂದರೆ ಸ್ಟಿಲ್ಟಿನ ಕೆಳಗೆ. ಆ ಪಟ್ಟಿಗೂ ಎರಡು ವರ್ಷದ ಹಿಂದೆ ಪೇವರ್ ಬ್ಲಾಕ್ ಹಾಸಿದರು. ಪೇವರ್ ಬ್ಲಾಕಿನ ಸಂದುಗಳು ಕ್ಯಾಸ್ಟರ್ ಬೋರ್ಡಿನ ಪುಟ್ಟ ಚಕ್ರಕ್ಕೆ ವೈರಿ, ಟಕಟಕ ಅಂತ ಹಲ್ಲು ಉದುರುವಂತೆ ಕುಲುಕುತ್ತದೆ. ಒಂದು ಕಡಲೆಕಾಳಿನಷ್ಟು ಜಲ್ಲಿ ಸಿಕ್ಕಿದರೂ ಚಕ್ರ ಅಲ್ಲೇ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಈಗ ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಏಳನೆಯದ್ದು ಹೀಗಿದೆ: ಕಾಂಪೌಂಡಿನೊಳಗೆ ಸೈಕಲ್, ಸ್ಕೇಟಿಂಗ್ ಮತ್ತು ಇತರ ಚಕ್ರದ ಆಟಗಳನ್ನು ನಿಷೇಧಿಸುವುದು, ಹಿಂಭಾಗದಲ್ಲಿ ಆರು ಹೊಸ ಪಾರ್ಕಿಂಗ್ ಗುರುತಿಸುವುದು. ಕಾರಿಗೆ ನಾಲ್ಕು ಚಕ್ರ ಇರುವುದು ಯಾರ ಗಮನಕ್ಕೂ ಬಂದ ಹಾಗಿಲ್ಲ.

ಸೆಕ್ರೆಟರಿಯವರ ವಾದವನ್ನೂ ಹೇಳಬೇಕು, ಅದು ನ್ಯಾಯ. ಮೂರನೆಯ ಮಹಡಿಯ ಎಂಬತ್ತೊಂದು ವರ್ಷದ ಅಜ್ಜಿ ಊರುಗೋಲು ಹಿಡಿದು ಹೋಗುವಾಗ ಒಬ್ಬ ಹುಡುಗ ಬೋರ್ಡಿನಲ್ಲಿ ಹಿಂದಿನಿಂದ ಸರ್ರನೆ ಹಾದುಹೋದ. ತಾಗಲಿಲ್ಲ. ಆದರೆ ಅವರು ಹೆದರಿ ಕಂಬ ಹಿಡಿದು ಐದು ನಿಮಿಷ ನಿಂತರು. ಅಪ್ಪಯ್ಯನನ್ನು ನೋಡಿದ ನನಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ. ಎರಡು ಕಾರಿಗೆ ಗೀರು ಬಿದ್ದಿದೆ, ಅದೂ ನಿಜ. ಮಧ್ಯಾಹ್ನ ಸದ್ದಾಗುತ್ತದೆ, ರಾತ್ರಿ ಪಾಳಿಯವರಿಗೆ ನಿದ್ದೆ ಇಲ್ಲ. ಇವೆಲ್ಲಕ್ಕೂ ಉತ್ತರ ಸಮಯ ಮತ್ತು ಜಾಗ ಗೊತ್ತುಮಾಡುವುದು. ನಿಷೇಧ ಹಾಕಿದರೆ ಮಕ್ಕಳು ಬೋರ್ಡು ಎತ್ತಿಕೊಂಡು ಗೇಟಿನ ಹೊರಗೆ ಹೋಗುತ್ತಾರೆ. ಅಲ್ಲಿ ರಿಕ್ಷಾ, ಟೆಂಪೊ, ನೀರಿನ ಟ್ಯಾಂಕರು. ಕಾರಿನ ಗೀರು ಉಳಿಸಲು ಅವರನ್ನು ಟ್ಯಾಂಕರಿನ ಮುಂದೆ ಕಳಿಸುವ ಲೆಕ್ಕ ನನಗೆ ಅರ್ಥ ಆಗುವುದಿಲ್ಲ, ನಾನು ಬರೀ ಬಿಕಾಂ. ಹೊರಗೂ ಹೋಗದ ಮಕ್ಕಳು ಮನೆಯಲ್ಲಿ ಫೋನು ಹಿಡಿದು ಕೂರುತ್ತಾರೆ. ಅದಕ್ಕೂ ಇದೇ ಕಮಿಟಿಯವರು ವಾಟ್ಸ್ಯಾಪಿನಲ್ಲಿ ಉಪದೇಶ ಕಳಿಸುತ್ತಾರೆ.

ಪಾರ್ಕಿಂಗಿನಿಂದ ತಿಂಗಳಿಗೆ ಆದಾಯ ಬರುತ್ತದೆ, ಮಕ್ಕಳಿಂದ ಏನು ಬರುತ್ತದೆ ಅಂತ ಒಬ್ಬರು ಲಿಫ್ಟಿನಲ್ಲಿ ಕೇಳಿದರು. ಕೇಳಿದವರ ಮೊಮ್ಮಗನೇ ನನ್ನ ಗುರು! ನಾನು ಸುಮ್ಮನಿದ್ದೆ, ನಾಲ್ಕನೆಯ ಮಹಡಿ ಬಂತು.

ಸಭೆ ಸೆಪ್ಟೆಂಬರ್ 30ರೊಳಗೆ ಆಗಲೇಬೇಕು, ಕಾನೂನು. ನಾನು ಲಿಖಿತ ತಿದ್ದುಪಡಿ ಕೊಟ್ಟಿದ್ದೇನೆ. ಹಿಂಭಾಗದ ಪಟ್ಟಿ ದಿನವೂ ಸಂಜೆ 5ರಿಂದ 7ರವರೆಗೆ ಚಕ್ರದ ಆಟಕ್ಕೆ, ರಜಾದಿನ ಬೆಳಿಗ್ಗೆ 10ರಿಂದ 12ರವರೆಗೂ. ಹೆಲ್ಮೆಟ್ಟು, ಮಣಿಕಟ್ಟಿನ ಕವಚ ಇಲ್ಲದವರಿಗೆ ಅಲ್ಲಿ ಪ್ರವೇಶ ಇಲ್ಲ, ವಯಸ್ಸು ಎಷ್ಟೇ ಇರಲಿ. ಎದುರಿನ ದಾರಿಯಲ್ಲಿ, ಲಿಫ್ಟಿನ ಮುಂದೆ ಚಕ್ರ ಬೇಡವೇ ಬೇಡ, ಆ ದಾರಿ ಹಿರಿಯರದ್ದು. ಪಟ್ಟಿಯ ಅರ್ಧ ಭಾಗದ ಪೇವರ್ ಬ್ಲಾಕ್ ಕಿತ್ತು ನಯವಾದ ಕಾಂಕ್ರೀಟು. ಅದಕ್ಕೆ ಸಿಂಕಿಂಗ್ ಫಂಡ್ ಮುಟ್ಟುವಂತಿಲ್ಲ, ಆಸಕ್ತಿ ಇರುವ ಮನೆಗಳಿಂದ ಚಂದಾ. ಅನುಮೋದಿಸಲು ಒಬ್ಬರು ಬೇಕಿತ್ತು, ಎರಡನೆಯ ಮಹಡಿಯ ನಿವೃತ್ತ ರೈಲ್ವೆಯವರು ಸಹಿ ಹಾಕಿದ್ದಾರೆ. ಮೂರನೆಯ ಮಹಡಿಯ ಅಜ್ಜಿಗೆ ನಾನೇ ಹೋಗಿ ಓದಿ ಹೇಳಿದೆ. 'ಹಿಂದಿನಿಂದ ಬರುವಾಗ ಕೂಗಲಿ, ಅಷ್ಟು ಸೇರಿಸು' ಅಂದರು. ಸೇರಿಸಿದ್ದೇನೆ.

ನಲವತ್ತೆರಡರಲ್ಲಿ ಎಷ್ಟು ಕೈ ಏಳುತ್ತವೋ ನೋಡಬೇಕು. ನನ್ನ ಪಾಲಿನ ಚಂದಾಕ್ಕೆ ಚೆಕ್ಕು ಬರೆದಿಟ್ಟಿದ್ದೇನೆ, ತಾರೀಖು ಮಾತ್ರ ಹಾಕಿಲ್ಲ. ಈ ನಡುವೆ ಬಲಕ್ಕೆ ತಿರುಗುವುದು ಬಂದಿದೆ, ಬೆರಳುಗಳ ಮೇಲೆ ಭಾರ ಹಾಕಿದರೆ ಸಾಕು. ಎಡಕ್ಕೆ ಹಿಮ್ಮಡಿಯ ಮೇಲೆ ಹಾಕಬೇಕು, ಅದಿನ್ನೂ ಇಲ್ಲ. ನಾಡಿದ್ದು ನಾಲ್ಕನೆಯ ಶನಿವಾರ.